ಮೂಳೆ ಗಟ್ಟಿ, ಸ್ಪೀಡು ಅದಕ್ಕಿಂತ ಗಟ್ಟಿ

"ರಾಗಿ ಮುದ್ದೆ ತಿಂದ ಮೂಳೆ ಕಣಯ್ಯ, ಅಷ್ಟು ಸುಲಭಕ್ಕೆ ಮುರಿಯಲ್ಲ!" ನಮ್ಮ ಹೊಳಲ್ಕೆರೆ ಕಡೆ ಬೈಕ್ ನಿಧಾನಕ್ಕೆ ಓಡ್ಸಪ್ಪ ಅಂದ್ರೆ ಬರೋ ಉತ್ತರ ಇದು. ರಾಗೀಲಿ ಕ್ಯಾಲ್ಸಿಯಂ ಜಾಸ್ತಿ, ಒಪ್ಪೋಣ. ಆದ್ರೆ ಲೆಕ್ಕ ಹಾಕಿದ್ರೆ ಈ ಧೈರ್ಯ ನಿಲ್ಲಲ್ಲ.

ಇಂಜಿನಿಯರಿಂಗ್ ಓದಿದವರಿಗೆ ಕಬ್ಬಿಣದ ಸರಳನ್ನು ಎಳೆದು ಮುರಿಯೋ ಲ್ಯಾಬ್ ನೆನಪಿರಬಹುದು. ಮೂಳೆಯನ್ನೂ ಹೀಗೇ ಪರೀಕ್ಷೆ ಮಾಡ್ತಾರೆ. 1966ರಲ್ಲಿ ಮೆಕೆಲ್ಹೇನಿ ಅನ್ನೋರು ಮನುಷ್ಯರ ತೊಡೆಮೂಳೆಯನ್ನು ನಿಧಾನವಾಗಿಯೂ, ತುಂಬಾ ವೇಗವಾಗಿಯೂ ಒತ್ತಿ ನೋಡಿದ್ರು. ವೇಗವಾಗಿ ಒತ್ತಿದಾಗ ಮೂಳೆ ಜಾಸ್ತಿ ಬಲ ತಡೀತು! ಅಂದ್ರೆ ಡಿಕ್ಕಿಯ ಕ್ಷಣದಲ್ಲಿ ಮೂಳೆ ನಿಜಕ್ಕೂ ಗಟ್ಟಿಯಾಗತ್ತೆ.

ಹಾಗಾದ್ರೆ ಮುದ್ದೆವಾದಿಗಳು ಗೆದ್ರಾ? ಇಲ್ಲ. 1977ರಲ್ಲಿ ಕಾರ್ಟರ್ ಮತ್ತು ಹೇಯ್ಸ್ ಕೊಟ್ಟ ಸೂತ್ರದ ಪ್ರಕಾರ ಮೂಳೆಯ ಬಲ, ಹೊರೆ ಬೀಳೋ ವೇಗದ 0.06ನೇ ಘಾತದಷ್ಟು ಮಾತ್ರ ಏರತ್ತೆ. ವೇಗ ದುಪ್ಪಟ್ಟಾದ್ರೆ ಸಿಗೋ ಲಾಭ ನೂರಕ್ಕೆ 4. ಆದ್ರೆ ಡಿಕ್ಕಿಯ ಶಕ್ತಿ? ಅದು ವೇಗದ ವರ್ಗ, ಅಂದ್ರೆ 4 ಪಟ್ಟು! ಮೇಲಾಗಿ ಹೀಗೆ ತುಂಬಿಕೊಂಡ ಶಕ್ತಿ ಮೂಳೆ ಮುರಿಯುವಾಗ ಒಮ್ಮೆಲೇ ಹೊರಬರತ್ತೆ. ನಿಧಾನಕ್ಕೆ ಮುರಿದ ಮೂಳೆ ಎರಡು ತುಂಡಾದ್ರೆ, ವೇಗದಲ್ಲಿ ಮುರಿದದ್ದು ಚೂರು ಚೂರು.

ಅಡಿಕೆ ತೋಟದವರಿಗೆ ಇನ್ನೊಂದು ಲೆಕ್ಕ ಹೇಳ್ತೀನಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗುದ್ದೋದು ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ. 60ರಲ್ಲಿ ಗುದ್ದಿದ್ರೆ 14 ಮೀಟರ್! ಅಡಿಕೆ ಮರದ ತುದಿಯಿಂದ ಬೀಳೋಕೆ ಯಾರಾದ್ರೂ "ಮುದ್ದೆ ತಿಂದಿದೀನಿ" ಅಂತ ತಯಾರಾಗ್ತಾರಾ?

ಹೆಲ್ಮೆಟ್ ತಲೆ ಉಳಿಸತ್ತೆ, ಹಾಕಲೇಬೇಕು. ಆದ್ರೆ ಮೊಣಕಾಲಿಗೆ, ತೊಡೆಗೆ ಹೆಲ್ಮೆಟ್ ಇಲ್ಲ. ರಸ್ತೆ ದಾಟೋ ಅಜ್ಜಿಗಂತೂ ಯಾವುದೂ ಇಲ್ಲ. ವಯಸ್ಸಾದಂತೆ ಮೂಳೆಯ ಸಾಂದ್ರತೆ ಇಳಿಯತ್ತೆ. ಅದೇ ಸೂತ್ರದಲ್ಲಿ ಬಲ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ; ಸಾಂದ್ರತೆ ಅರ್ಧವಾದ್ರೆ ಬಲ ಕಾಲು ಭಾಗ.

ಅದಕ್ಕೇ ನನ್ನ ವಾದ: ಊರೊಳಗಿನ ರಸ್ತೆಗೆ 30ರ ಮಿತಿ ಇರ್ಲಿ, ಬಳಿದ ಬಣ್ಣ ಕಾಣೋ ಸರಿಯಾದ ಹಂಪ್ಸ್ ಇರ್ಲಿ. ಜನ ಮತ್ತು ವಾಹನ ಬೆರೆಯೋ ಕಡೆ 30 ಸಾಕು ಅಂತ 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿದೆ. ಒಂದು ಕಿಲೋಮೀಟರ್ ಊರು ದಾಟೋಕೆ 60ರ ಬದಲು 30ರಲ್ಲಿ ಹೋದ್ರೆ ಕಳೆದುಕೊಳ್ಳೋದು ಒಂದೇ ನಿಮಿಷ. ಮುರಿದ ತೊಡೆಮೂಳೆ ಕೂಡೋಕೆ ತಿಂಗಳುಗಳೇ ಬೇಕು.

ನೀವೇನಂತೀರಿ?