ಹಾಡು ತಡವಾದರೆ ಕಂಪ್ಯೂಟರನ್ನು ಬೈಯಬೇಡಿ

ಹೊರನಾಡಿನ ಹತ್ತಿರದ ತೋಟದ ಮನೆಯೊಂದರಲ್ಲಿ ಕಳೆದ ಮಳೆಗಾಲ ಕಂಡ ಸಂಗತಿ. ಅಜ್ಜ ರಾತ್ರಿಯಿಡೀ ಕುಳಿತು ಟೇಪ್‌ರೆಕಾರ್ಡರಿನಲ್ಲಿ ಹಿಡಿದ ತಾಳಮದ್ದಳೆಗಳು, ಅಜ್ಜಿಯ ಸೋಬಾನೆ ಪದಗಳು, ಮಕ್ಕಳ ಸಿನಿಮಾ ಹಾಡುಗಳು ಎಲ್ಲ ಸೇರಿ ಎಂಟು ಸಾವಿರ ಕಡತಗಳು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಹೋಗಿದೆ. ಉಳಿದದ್ದೆಲ್ಲ ಜಗಲಿಯ ಮೂಲೆಯಲ್ಲಿರುವ ನೆಟ್‌ವರ್ಕ್ ಡಿಸ್ಕಿನಲ್ಲಿ. ಕಂಪ್ಯೂಟರ್ ಇರುವುದು ಉಪ್ಪರಿಗೆಯಲ್ಲಿ.

ಹಾಡಿನ ತಂತ್ರಾಂಶ ತೆರೆದು, ಕೆಳಗಿಳಿದು ಕಾಫಿ ಕುಡಿದು ಬಂದರೂ ಪಟ್ಟಿ ಮೂಡುತ್ತಿರಲಿಲ್ಲ. ಪಿಯುಸಿ ಓದುವ ಹುಡುಗ ತಂತ್ರಾಂಶವನ್ನೇ ಅಳಿಸಿ ಮತ್ತೆ ಹಾಕಲು ಹೊರಟಿದ್ದ. ‘ಹೊಸ ಕಂಪ್ಯೂಟರೇ ತರಬೇಕಾ ಮಾರಾಯ್ರೆ?’ ಎಂದು ಅಪ್ಪನ ಚಿಂತೆ. ಇಬ್ಬರನ್ನೂ ತಡೆಯಬೇಕಾಯಿತು.

ಯಾಕೆಂದರೆ ಎರಡು ರಜೆಗಳಲ್ಲಿ ಕುಳಿತು ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು ಟೈಪ್ ಮಾಡಿದ್ದು ಹುಡುಗನ ಅಕ್ಕ. ಕೆಲವು ತಂತ್ರಾಂಶಗಳು ಇಂಥ ವಿವರವನ್ನು ಹಾಡಿನ ಕಡತದೊಳಗೇ ಬರೆಯುತ್ತವೆ. ಕೆಲವು ತಮ್ಮದೇ ಲೆಕ್ಕದ ಪುಸ್ತಕದಲ್ಲಿ, ಅಂದರೆ ಡೇಟಾಬೇಸಿನಲ್ಲಿ ಮಾತ್ರ ಇಡುತ್ತವೆ. ಇಲ್ಲಿದ್ದದ್ದು ಎರಡನೆಯ ಬಗೆ. ಅಳಿಸಿದ್ದರೆ ಅಜ್ಜನ ಧ್ವನಿ ಉಳಿಯುತ್ತಿತ್ತು, ಅದರ ಎದುರು ಯಾರು ಮಾತಾಡಿದ್ದು ಎಂಬುದು ಹೋಗುತ್ತಿತ್ತು. ಮೊದಲು ತಂತ್ರಾಂಶ ಮುಚ್ಚಿಸಿ, ಡೇಟಾಬೇಸನ್ನು ಪೆನ್‌ಡ್ರೈವಿಗೆ ನಕಲು ಮಾಡಿಸಿದೆ.

ಆಮೇಲೆ ಪರೀಕ್ಷೆ. ಐವತ್ತು ಹಾಡುಗಳನ್ನು ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಹಾಕಿ ಬೇರೆ ಪಟ್ಟಿ ಮಾಡಿದೆವು. ಕಣ್ಣು ಮಿಟುಕಿಸುವುದರಲ್ಲಿ ಬಂತು. ಅಂದರೆ ಕಂಪ್ಯೂಟರ್ ನಿರಪರಾಧಿ.

‘ಹಾಗಾದರೆ ವೈಫೈ ವೇಗ ಸಾಲದು’ ಎಂದ ಹುಡುಗ. ಪೂರ್ತಿ ಸರಿಯಲ್ಲ. ಸಾಮಾನ್ಯ ಎಂಪಿ3 ಹಾಡು ಕೇಳುವುದು ಸೆಕೆಂಡಿಗೆ 128 ಕಿಲೋಬಿಟ್. ಹಳೆಯ 100 ಮೆಗಾಬಿಟ್ ತಂತಿಯೂ ಅದಕ್ಕೆ ಧಾರಾಳ. ಕಷ್ಟ ಇರುವುದು ಹೋಗಿ ಬರುವ ಸಮಯದಲ್ಲಿ. ಕಳಸದ ಅಂಗಡಿಗೆ ಜೀಪಿನಲ್ಲಿ ಹೋಗಿ ಒಂದು ಮೂಟೆ ಅಕ್ಕಿ ತಂದರೂ ಒಂದು ಪೊಟ್ಟಣ ಉಪ್ಪು ತಂದರೂ ದಾರಿ ಅಷ್ಟೇ. ತಂತ್ರಾಂಶ ಪ್ರತಿ ಕಡತವನ್ನೂ ತೆರೆದು ಹೆಸರು ಓದಲು ಐದು ಸಲ ಹೋಗಿಬಂದರೆ ಒಟ್ಟು 40,000 ಓಡಾಟ. ದಪ್ಪ ಗೋಡೆಯ ಮನೆಯ ವೈಫೈನಲ್ಲಿ ಒಂದಕ್ಕೆ 20 ಮಿಲಿಸೆಕೆಂಡ್ ಹಿಡಿದರೆ ಹದಿಮೂರು ನಿಮಿಷ ದಾಟುತ್ತದೆ. ತಂತಿಯಲ್ಲಿ ಒಂದು ಮಿಲಿಸೆಕೆಂಡಾದರೆ ನಲವತ್ತೇ ಸೆಕೆಂಡು. ವಿದ್ಯಾರ್ಥಿಗಳು ಗುಣಿಸಿ ನೋಡಿ.

ತಂತಿ ಇತ್ತು, ಅಟ್ಟದಲ್ಲಿ ಇಲಿ ಕಡಿದಿತ್ತು! ಬದಲಾಯಿಸಿದೆವು. (ಎಂಟು ಎಳೆಗಳಲ್ಲಿ ನಾಲ್ಕು ಉಳಿದಿದ್ದರೆ 100 ಮೆಗಾಬಿಟ್ ನಡೆಯಬಹುದು, ಗಿಗಾಬಿಟ್‌ಗೆ ಎಂಟೂ ಬೇಕು.) ಇನ್ನೊಂದು ತಪ್ಪು ಹೆಚ್ಚು ದೊಡ್ಡದು: ಡೇಟಾಬೇಸನ್ನೂ ನೆಟ್‌ವರ್ಕ್ ಡಿಸ್ಕಿನಲ್ಲೇ ಇಟ್ಟಿದ್ದರು. ಅಲ್ಲಿ ಅದು ನಿಧಾನ ಮಾತ್ರವಲ್ಲ, ಮಧ್ಯೆ ಕರೆಂಟು ಹೋದರೆ ಕೆಡುವ ಭಯವೂ ಹೆಚ್ಚು. ಅದನ್ನು ಕಂಪ್ಯೂಟರಿಗೆ ತಂದು, ತೆರೆದಾಗಲೆಲ್ಲ ಎಲ್ಲ ಕಡತ ಹುಡುಕುವ ಆಯ್ಕೆಯನ್ನು ತೆಗೆದೆವು. ಹೊಸ ಹಾಡು ಸೇರಿಸಿದಾಗ ಹುಡುಕಿಸಿದರೆ ಸಾಕು.

ದಿನದ ಮೊದಲ ಹಾಡು ಈಗಲೂ ಕೆಲವು ಸೆಕೆಂಡು ತಡ. ಮಲಗಿದ್ದ ಡಿಸ್ಕ್ ಎದ್ದು ತಿರುಗಬೇಕಲ್ಲ, ಅದು ದೋಷವಲ್ಲ.

ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕ್ ಇದೆಯೆಂದು ಅಪ್ಪ ನಿಶ್ಚಿಂತರಾಗಿದ್ದರು. ಒಂದು ಕೆಟ್ಟರೆ ಇನ್ನೊಂದು ಆದೀತು, ನಿಜ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೇ. ಈಗ ಗುಡುಗು ಕೇಳಿದೊಡನೆ ಪ್ಲಗ್ಗನ್ನೂ ತಂತಿಯನ್ನೂ ಕೀಳುತ್ತಾರೆ. ಎಲ್ಲದರ ಇನ್ನೊಂದು ಪ್ರತಿ ಬೆಂಗಳೂರಿನ ಅತ್ತೆಯ ಮನೆಯ ಬೀರುವಿನಲ್ಲಿದೆ.