ಬೆಳಗಿನ ಐದೂವರೆ ಹಗಲೋ ರಾತ್ರಿಯೋ?

ನಮ್ಮ ಆಫೀಸಿನ ಟ್ರಾನ್ಸ್‌ಪೋರ್ಟ್ ವಿಭಾಗದ ಪ್ರಕಾರ ಬೆಳಿಗ್ಗೆ ಆರು ಹೊಡೆಯಿತೆಂದರೆ ಹಗಲು. ಆರಕ್ಕಿಂತ ಮುಂಚೆ ಕೆಲಸ ಶುರುವಾಗುವ ಹೆಣ್ಣುಮಕ್ಕಳಿಗೆ ಮನೆ ಬಾಗಿಲಿಗೇ ಕ್ಯಾಬ್ ಬರುತ್ತದೆ, ಜೊತೆಗೊಬ್ಬ ಗಾರ್ಡ್ ಇರುತ್ತಾನೆ. ಆರರ ನಂತರ ಶುರುವಾದರೆ ನಿಮ್ಮ ಪಾಡು ನಿಮಗೆ. ನನ್ನ ಶಿಫ್ಟು ಆರೂವರೆಗೆ!

ನಾನಿರುವ ಟೀಮಿಗೆ ಸಿಡ್ನಿಯವರ ಜೊತೆ ಕೆಲಸ. ಅಕ್ಟೋಬರ್ ಮೊದಲ ಭಾನುವಾರ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ಕೂಡಲೇ ಇಲ್ಲಿ ನಮ್ಮ ಶಿಫ್ಟು ಏಳೂವರೆಯಿಂದ ಆರೂವರೆಗೆ ಬರುತ್ತದೆ, ಏಪ್ರಿಲ್ ಮೊದಲ ಭಾನುವಾರದವರೆಗೂ ಹಾಗೇ. ಅವರಿಗೆ ಅದು ಬೇಸಿಗೆ, ಸಂಜೆ ಬೆಳಕು ಇನ್ನಷ್ಟು ಸಿಗಲಿ ಅಂತ ಈ ಏರ್ಪಾಟು. ನಮಗೆ ಅದೇ ಚಳಿಗಾಲ. ಅಂದರೆ ವರ್ಷದಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವ ತಿಂಗಳುಗಳಲ್ಲೇ ನಾನು ಅತಿ ಬೇಗ ಹೊರಡಬೇಕು. ಐದೂವರೆಗೆ ಪಿಜಿ ಗೇಟು ದಾಟಿದರೆ ಬಸ್ ಸ್ಟಾಪಿಗೆ ಒಂದೂಕಾಲು ಕಿಲೋಮೀಟರ್ ನಡಿಗೆ.

ಈ 'ಆರು ಗಂಟೆ' ಎಲ್ಲಿಂದ ಬಂತು ಅಂತ ಹುಡುಕಿದೆ. ಇದು ನಮ್ಮ ಕಂಪನಿಯವರು ಕಂಡುಹಿಡಿದದ್ದೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ನು ಹೆಂಗಸರಿಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ ಕೊಡಬಹುದು ಅಂದಿತ್ತು. 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ನಿಷೇಧ ಹೋಗಿದೆ. ಆಕೆ ಒಪ್ಪಿದರೆ, ಸುರಕ್ಷತೆಯ ಷರತ್ತುಗಳನ್ನು ಪಾಲಿಸಿದರೆ, ಯಾವ ಹೊತ್ತಿನಲ್ಲಾದರೂ ಕೆಲಸ ಕೊಡಬಹುದು. ಆದರೆ ಗೆರೆ ಮಾತ್ರ ಅದೇ. ಆರಕ್ಕೆ ಮುಂಚೆ ಆದರೆ ಷರತ್ತು, ಆರಾದ ಮೇಲೆ ಇಲ್ಲ.

ಕಾಯ್ದೆ ಬರೆದವರು ಗೇಟಿನ ಒಳಗಿನ ಗಂಟೆಗಳನ್ನು ಲೆಕ್ಕ ಹಾಕಿದರು. ಆರಕ್ಕೆ ಸರಿಯಾಗಿ ಗೇಟಿನೊಳಗೆ ಇರಬೇಕಾದವಳು ಐದಕ್ಕೆ ಎಲ್ಲಿರುತ್ತಾಳೆ?

ಸೂರ್ಯನ ಲೆಕ್ಕವನ್ನೂ ನೋಡಿ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಅದು ಹಾದುಹೋಗುವುದು ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ. ಬೆಂಗಳೂರು ಇರುವುದು ಸುಮಾರು 77.6 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಲೇಟು. ಇಲ್ಲಿ ಆರಕ್ಕೆ ಮುಂಚೆ ಸೂರ್ಯ ಹುಟ್ಟುವುದು ಮೇ-ಜೂನ್ ಸುಮಾರಿನ ಕೆಲವೇ ವಾರ. ಜನವರಿ ಕೊನೆಯಲ್ಲಿ ಆರೂಮುಕ್ಕಾಲು ಆಗುತ್ತದೆ. ಆ ತಿಂಗಳಲ್ಲಿ ಆರು ಗಂಟೆಗೆ ರಸ್ತೆಗಿಳಿದು ಇದು ಹಗಲು ಅಂತ ಯಾರಾದರೂ ಹೇಳಿಬಿಡಲಿ, ನೋಡೋಣ.

ನನ್ನ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಒಂದು ಪಕ್ಕ ಅಪಾರ್ಟ್‌ಮೆಂಟಿನ ಕಾಂಪೌಂಡು, ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಎತ್ತರದ ಗೋಡೆ, ಮೇಲೆ ಮುಳ್ಳುತಂತಿ, ರಸ್ತೆಯ ಕಡೆಗೆ ಒಂದು ಕಿಟಕಿಯೂ ಇಲ್ಲ. ಇನ್ನೊಂದು ಪಕ್ಕ ಖಾಲಿ ಸೈಟುಗಳು, ಎದೆಯೆತ್ತರದ ಕಾಂಗ್ರೆಸ್ ಗಿಡ. ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್, ಮರಳಿನ ರಾಶಿ, ಮಲಗಿದ ನಾಯಿಗಳು. ಹಾಗಾಗಿ ನಡೆಯುವುದು ರಸ್ತೆಯ ಮೇಲೇ. ಐದು ದೀಪದ ಕಂಬ ಇದ್ದರೆ ಎರಡು ಉರಿಯುವುದಿಲ್ಲ. ಉರಿಯುವ ಮೂರೂ ಸೂರ್ಯ ಹುಟ್ಟುವ ಮೊದಲೇ ಆರಿಹೋಗುತ್ತವೆ, ಟೈಮರಿಗೆ ಸೂರ್ಯನ ಗೊಡವೆ ಇಲ್ಲ ನೋಡಿ.

ಹೋದ ಡಿಸೆಂಬರಿನಲ್ಲಿ ಸುಮಾರು ಮೂರು ವಾರ ಒಬ್ಬ ಸ್ಕೂಟರಿನವನು ನನ್ನ ಪಕ್ಕ ಬಂದು ಸ್ಲೋ ಮಾಡುತ್ತಿದ್ದ. ಏನೂ ಮಾತಾಡುತ್ತಿರಲಿಲ್ಲ. ಮುಂದೆ ಹೋಗಿ ತಿರುವಿನಲ್ಲಿ ನಿಂತು ಹೆಲ್ಮೆಟ್ ಹಾಕಿಕೊಂಡೇ ಕಾಯುತ್ತಿದ್ದ. ಮುಟ್ಟಲಿಲ್ಲ, ಅಡ್ಡ ಬರಲಿಲ್ಲ. 'ಏನೂ ಆಗಲಿಲ್ಲ' ಅಂತಾರಲ್ಲ, ಅದು. ಸ್ಟೇಷನ್ನಿಗೆ ಹೋಗಿ ಹೇಳಿದರೆ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಅಷ್ಟು ಹೊತ್ತಿಗೆ ಒಬ್ಬರೇ ಯಾಕಮ್ಮ ಹೋಗ್ತೀರಾ?" ಅಂತ.

ಯಾಕೆ ಅಂದರೆ ಕೆಲಸಕ್ಕೆ ಸಾರ್! ಇನ್ಯಾಕೆ?

ಕೊನೆಗೆ ನಾನು ದಾರಿ ಬದಲಾಯಿಸಿದೆ. ಈಗ ಹೋಗುವ ರಸ್ತೆಯಲ್ಲಿ ಒಂದು ಹಾಲಿನ ಬೂತ್ ಇದೆ. ಐದಕ್ಕೆಲ್ಲ ಅಲ್ಲಿ ಕ್ರೇಟುಗಳು ಇಳಿದಿರುತ್ತವೆ, ಪೇಪರ್ ಹಾಕುವ ಹುಡುಗರು ಪುರವಣಿ ಸೇರಿಸುತ್ತಾ ಕೂತಿರುತ್ತಾರೆ, ಹೂವಿನಜ್ಜಿ ಬುಟ್ಟಿ ಬಿಚ್ಚುತ್ತಿರುತ್ತಾಳೆ. ಇವರ್ಯಾರೂ ನನ್ನ ಕಾವಲಿಗೆ ನಿಂತವರಲ್ಲ, ಆದರೂ ಅಲ್ಲಿಗೆ ಬಂದ ತಕ್ಷಣ ಉಸಿರು ಸಲೀಸಾಗುತ್ತದೆ. ಆ ದಾರಿ ಹತ್ತು ನಿಮಿಷ ಹೆಚ್ಚು. ಅಂದರೆ ಐದೂವರೆ ಹೋಗಿ ಐದೂ ಇಪ್ಪತ್ತಾಯಿತು. ಅವನು ಬೇರೆ ಯಾವುದೋ ತಿರುವಿನಲ್ಲಿ ಆರಾಮಾಗಿ ನಿಂತಿರಬಹುದು, ದಿನಕ್ಕೆ ಹತ್ತು ನಿಮಿಷದ ನಿದ್ದೆ ದಂಡ ಕಟ್ಟುತ್ತಿರುವವಳು ನಾನು.

ಹೀಗೆ ದಂಡ ಕಟ್ಟುವವಳು ನಾನೊಬ್ಬಳೇ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು. ಬೆಂಗಳೂರಿನಲ್ಲಿ ಬೆಳಗಿನ ಜಾವ ಯಾವ ಕಡೆ ಬೇಕಾದರೂ ಹೋಗಿ ನೋಡಿ. ಪೌರಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರು, ನಾವು ಹಾಸಿಗೆಯಲ್ಲಿ ಹೊರಳುವಾಗಲೇ ಅವರ ಹಾಜರಿ ಆಗಿರಬೇಕು. ಕೆ.ಆರ್. ಮಾರುಕಟ್ಟೆಯಿಂದ ಹೂ ತರುವವರು ನಾಲ್ಕಕ್ಕೇ ಹೊರಟಿರುತ್ತಾರೆ. ಆಸ್ಪತ್ರೆಯ ಆಯಾ, ಪಿಜಿಯಲ್ಲಿ ತಿಂಡಿ ಮಾಡುವ ಅಕ್ಕ, ನಾಲ್ಕು ಮನೆ ಪಾತ್ರೆ ಮುಗಿಸಿ ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕಾದವರು.. ಇವರಿಗೆ ಕ್ಯಾಬೂ ಇಲ್ಲ, ಗಾರ್ಡೂ ಇಲ್ಲ. ನಮ್ಮ ರಸ್ತೆ ಗುಡಿಸುವ ಒಬ್ಬರನ್ನು ಒಂದು ದಿನ ಕೇಳಿದೆ, "ಅಕ್ಕಾ, ಇಷ್ಟು ಕತ್ತಲಲ್ಲಿ ಬರೋಕೆ ಭಯ ಆಗಲ್ವಾ?" ಅಂತ. ಪೊರಕೆ ನಿಲ್ಲಿಸದೇ ಹೇಳಿದರು, "ಭಯ ಅಂತ ಕೂತ್ರೆ ಹಾಜರಿ ಯಾರು ಹಾಕ್ತಾರೆ ಮೇಡಂ?"

ಕ್ಯಾಬಿನ ವ್ಯವಸ್ಥೆಯೇನೂ ಸುಮ್ಮನೆ ಬಂದದ್ದಲ್ಲ. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಡ್ರೈವರೇ ಅತ್ಯಾಚಾರ ಮಾಡಿ ಕೊಂದ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ಗಾರ್ಡು, ಜಿಪಿಎಸ್ಸು, ಹುಡುಗಿಯನ್ನು ಮೊದಲು ಹತ್ತಿಸಬಾರದು ಕೊನೆಗೆ ಇಳಿಸಬಾರದು ಎಂಬ ನಿಯಮಗಳೆಲ್ಲ ಬಿಗಿಯಾದವು. ಒಂದು ಜೀವ ಹೋದ ಮೇಲೆ ಕಲಿತ ಪಾಠ ಅದು. ಆದರೆ ಕಲಿತದ್ದು ಕ್ಯಾಬಿನ ಒಳಗಿನ ಪಾಠ ಮಾತ್ರ.

ಕಾನೂನಿನಲ್ಲೂ ಇದೇ ಕಥೆ. 2013ರಲ್ಲಿ ಬಂದ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಇದೆಯಲ್ಲ, ಅದರಲ್ಲಿ 'ಕೆಲಸದ ಸ್ಥಳ' ಅಂದರೆ ಏನು ಅಂತ ವಿವರಿಸಿದ್ದಾರೆ. ಕಂಪನಿ ಕೊಡುವ ವಾಹನವೂ ಅದರಲ್ಲಿ ಸೇರುತ್ತದೆ. ಕ್ಯಾಬಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ ಅದು ಕಂಪನಿಯ ಜವಾಬ್ದಾರಿ. ಕ್ಯಾಬ್ ಕೊಡದೇ ಇದ್ದರೆ? ಜವಾಬ್ದಾರಿಯೇ ಇಲ್ಲ! ವಾಹನ ಕೊಟ್ಟವನಿಗೆ ಹೊಣೆ, ಕೊಡದವನಿಗೆ ಬಿಡುಗಡೆ. ಯಾವುದಾದರೂ ಕೋಡಿನಲ್ಲಿ ಇಂಥ ಲಾಜಿಕ್ ಬರೆದಿದ್ದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತಿದ್ದೆವು.

ಮನೆಯಿಂದ ಕೆಲಸಕ್ಕೆ ಹೋಗುವ ದಾರಿ ಕೆಲಸದ ಭಾಗ ಅಂತ ಒಪ್ಪಿಕೊಳ್ಳೋಕೆ ನಮ್ಮ ಸರ್ಕಾರಕ್ಕೆ ಬರೋದೇ ಇಲ್ಲ ಅಂತೇನಿಲ್ಲ. 2010ರಲ್ಲಿ ಇಎಸ್‌ಐ ಕಾಯ್ದೆಗೆ ತಿದ್ದುಪಡಿ ತಂದು, ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಬರುವಾಗ ಅಪಘಾತವಾದರೆ, ಅದಕ್ಕೂ ಕೆಲಸಕ್ಕೂ ಸಂಬಂಧ ಇದ್ದಲ್ಲಿ, ಅದು ಕೆಲಸದಲ್ಲೇ ಆದ ಅಪಘಾತ ಅಂತ ಪರಿಗಣಿಸಬೇಕು ಎಂದರು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದನ್ನು ಉಳಿಸಿಕೊಂಡಿದ್ದಾರೆ. ಬೆಳಿಗ್ಗೆ ಐದೂವರೆಗೆ ಸ್ಕೂಟರ್ ನನಗೆ ಗುದ್ದಿದರೆ ಅದು ಕೆಲಸದ ದಾರಿ, ಅದೇ ಸ್ಕೂಟರಿನವನು ಹಿಂಬಾಲಿಸಿದರೆ ಮಾತ್ರ ನನ್ನ ಖಾಸಗಿ ಸಮಸ್ಯೆ. ಇದು ಹೇಗೆ?

ಖಾಸಗಿ ಸಮಸ್ಯೆ ಅಂದಮೇಲೆ ಪರಿಹಾರವೂ ಖಾಸಗಿ. ಪೆಪ್ಪರ್ ಸ್ಪ್ರೇ ಇಟ್ಕೋ. ಇಯರ್‌ಫೋನ್ ಹಾಕ್ಕೋಬೇಡ. 112 ಸ್ಪೀಡ್ ಡಯಲಲ್ಲಿ ಇಟ್ಕೋ. ಲೈವ್ ಲೊಕೇಶನ್ ಕಳಿಸು. ಒಬ್ಬಳೇ ಹೋಗಬೇಡ. ಬೇರೆ ಟೀಮಿಗೆ ಹೋಗು. ಇದರಲ್ಲಿ ಒಂದೆರಡು ನಾನೂ ಪಾಲಿಸುತ್ತೇನೆ. ಆದರೆ ಈ ಸಲಹೆಗಳನ್ನು ಸಾಲಾಗಿಟ್ಟು ನೋಡಿದರೆ ಕೊನೆಯದು ಯಾವಾಗಲೂ ಒಂದೇ ಇರುತ್ತದೆ, ಕೆಲಸ ಬಿಟ್ಟುಬಿಡು. ಊರಲ್ಲಿರುವ ಅಮ್ಮನಿಗೆ ಸ್ಕೂಟರಿನವನ ವಿಷಯ ನಾನು ಹೇಳಿಲ್ಲ. ಹೇಳಿದರೆ ಅಮ್ಮ ಬೈಯುವುದಿಲ್ಲ, "ಬಂದ್ಬಿಡು ಪುಟ್ಟಿ" ಅನ್ನುತ್ತಾಳೆ, ಅಷ್ಟೇ. ಎಷ್ಟೋ ಹುಡುಗಿಯರು ಬಾಯಿ ಬಿಡದಿರುವುದು ನಾಚಿಕೆಯಿಂದಲ್ಲ ಸ್ವಾಮಿ, ಹೇಳಿದರೆ ಮೊದಲು ಹೋಗುವುದು ತಮ್ಮ ಕೆಲಸವೇ ಅನ್ನುವ ಲೆಕ್ಕಾಚಾರದಿಂದ.

ಒಬ್ಬಳೇ ಹೋಗಬೇಡ ಅನ್ನುವುದಕ್ಕೂ ಅರ್ಥವಿಲ್ಲ. 2025ರ ಏಪ್ರಿಲ್‌ನಲ್ಲಿ ಬಿಟಿಎಂ ಲೇಔಟಿನ ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದವರು ಇಬ್ಬರು ಹುಡುಗಿಯರು. ಆದರೂ ಒಬ್ಬ ಬಂದು ಮೈಮೇಲೆ ಬಿದ್ದ. ಆಗ ಗೃಹ ಸಚಿವ ಜಿ. ಪರಮೇಶ್ವರ್ ಇಂಥ ದೊಡ್ಡ ನಗರದಲ್ಲಿ ಅಲ್ಲೊಂದು ಇಲ್ಲೊಂದು ಹೀಗಾಗುತ್ತೆ ಎಂಬರ್ಥದ ಮಾತಾಡಿ, ಟೀಕೆ ಬಂದ ಮೇಲೆ ವಿಷಾದ ವ್ಯಕ್ತಪಡಿಸಿದರು. 2024ರ ಆಗಸ್ಟಿನಲ್ಲಿ ಕೋಣನಕುಂಟೆ ಕಡೆ ಬೆಳಗಿನ ಐದರ ಸುಮಾರಿಗೆ ವಾಕಿಂಗ್ ಹೊರಟು ಗೆಳತಿಗಾಗಿ ಕಾಯುತ್ತಿದ್ದ ಮಹಿಳೆಯ ಮೇಲೆ ಇದೇ ಆಯಿತು. ಎರಡೂ ನಮಗೆ ಗೊತ್ತಾದದ್ದು ಸಿಸಿಟಿವಿಯಿಂದ. ಎರಡರಲ್ಲೂ ಆರೋಪಿಯನ್ನು ಪೊಲೀಸರು ಹಿಡಿದರು, ಸಂತೋಷ. ನಿರ್ಭಯಾ ನಿಧಿಯ ದುಡ್ಡಿನಲ್ಲಿ ಸೇಫ್ ಸಿಟಿ ಯೋಜನೆ ಬಂದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು, ಕ್ಯಾಮೆರಾಗಳು ಸಾವಿರಾರು ಇವೆ. ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ. ಆಗುವಾಗ "ಏಯ್, ಯಾರೋ ಅದು?" ಅಂತ ಕೂಗುವುದಿಲ್ಲ.

ಕೂಗುವವರು ಬೇಕು. ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲೇ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದೂ ಇದೇ. ರಸ್ತೆಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲೇ ಬದುಕುವ, ವ್ಯಾಪಾರ ಮಾಡುವ ಜನರ ಕಣ್ಣುಗಳು ಅಂತ. ನಮ್ಮ ಹಾಲಿನ ಬೂತಿನವರು ಆಕೆಯ ಪುಸ್ತಕ ಓದಿಲ್ಲ, ಓದುವ ಅಗತ್ಯವೂ ಇಲ್ಲ.

ದೀಪ ಇದ್ದು ಜನ ಇದ್ದುಬಿಟ್ಟರೆ ಎಲ್ಲಾ ಸರಿಹೋಗುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆಯಲ್ಲಿ ದೀಪ, ಜನ, ಪೊಲೀಸರು ಎಲ್ಲಾ ಇದ್ದರು, ಆದರೂ ಆಗಬಾರದ್ದು ಆಯಿತು. ದೀಪ ಹಾಕಿದರೆ ಗಂಡಸರ ಬುದ್ಧಿ ಬದಲಾಗುವುದಿಲ್ಲ, ಒಪ್ಪುತ್ತೇನೆ. ಅದು ಮನೆಯಲ್ಲಿ, ಸ್ಕೂಲಿನಲ್ಲಿ ಶುರುವಾಗಬೇಕಾದ ಕೆಲಸ, ಒಂದು ತಲೆಮಾರು ಹಿಡಿಯಬಹುದು. ಆದರೆ ನಾಳೆ ಬೆಳಿಗ್ಗೆಯೂ ಆ ಅಕ್ಕ ಹಾಜರಿಗೆ ಬರಬೇಕಲ್ಲ? ಒಂದು ತಲೆಮಾರು ಕಾಯಿ ಅಂತ ಅವರಿಗೆ ಹೇಳೋಕಾಗುತ್ತಾ?

ನಾಳೆಯೇ ಮಾಡಬಹುದಾದವು ಇವೆ, ಯಾವುದೂ ರಾಕೆಟ್ ವಿಜ್ಞಾನವಲ್ಲ. ದೀಪಗಳನ್ನು ಗಡಿಯಾರಕ್ಕಲ್ಲ, ಸೂರ್ಯೋದಯಕ್ಕೆ ಹೊಂದಿಸಿ. ದಿನಾಂಕ ನೋಡಿ ಸೂರ್ಯೋದಯ ಲೆಕ್ಕ ಹಾಕುವ ಟೈಮರುಗಳು, ಬೆಳಕು ನೋಡಿ ಆರುವ ಸೆನ್ಸರುಗಳು ಎಷ್ಟೋ ವರ್ಷದಿಂದ ಸಿಗುತ್ತವೆ. ಕಂಪನಿಗಳ ಕ್ಯಾಬಿನ ನಿಯಮವನ್ನು ಲಾಗಿನ್ ಸಮಯಕ್ಕಲ್ಲ, ಮನೆ ಬಿಡುವ ಸಮಯಕ್ಕೆ ಕಟ್ಟಿ. ಚಳಿಗಾಲದ ಮೂರು ತಿಂಗಳು ಪೌರಕಾರ್ಮಿಕರ ಹಾಜರಿಯನ್ನು ಅರ್ಧ ಗಂಟೆ ಮುಂದೂಡಿ, ಕಸ ಎಲ್ಲಿಗೂ ಓಡಿಹೋಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಒಳ್ಳೆಯದೇ. ಅದೇ ಕಾಳಜಿ ಬಸ್ ಸ್ಟಾಪಿನ ತನಕದ ದಾರಿಗೂ ಇರಲಿ. ಬೆಳಗಿನ ಜಾವದ ಹೂವಿನವರನ್ನು, ತಳ್ಳುಗಾಡಿಯವರನ್ನು ಫುಟ್‌ಪಾತಿನಿಂದ ಎಬ್ಬಿಸುವ ಮೊದಲು ಅವರ ಕಣ್ಣುಗಳಿಗೂ ಒಂದು ಬೆಲೆ ಇದೆ ಅಂತ ಯೋಚಿಸಿ.

ಗಂಡುಮಕ್ಕಳೇ, ನಿಮಗೂ ಒಂದು ಮಾತು. ಬೆಳಿಗ್ಗೆ ವಾಕಿಂಗ್ ಹೋಗುವಾಗ ಎದುರಿಗೆ ಒಬ್ಬಳೇ ಬರುತ್ತಿದ್ದರೆ ರಸ್ತೆಯ ಆಚೆ ಪಕ್ಕಕ್ಕೆ ದಾಟಿ. ಹಿಂದಿನಿಂದ ಬರುತ್ತಿದ್ದರೆ ಸ್ವಲ್ಪ ದೂರ ಬಿಡಿ. ನೀವು ಒಳ್ಳೆಯವರೇ ಇರಬಹುದು, ಆದರೆ ಕತ್ತಲಲ್ಲಿ ಅದು ಹಣೆಯ ಮೇಲೆ ಕಾಣುವುದಿಲ್ಲ.

ಟ್ರಾನ್ಸ್‌ಪೋರ್ಟ್ ವಿಭಾಗಕ್ಕೆ ಸೂರ್ಯೋದಯದ ಪಟ್ಟಿ ಲಗತ್ತಿಸಿ ಮೇಲ್ ಹಾಕಿದ್ದೇನೆ, ನಮ್ಮ ಟೀಮಿನ ಆರು ಜನ ಹುಡುಗಿಯರು ಸಹಿ ಮಾಡಿದ್ದಾರೆ. ಪಿಜಿಯಲ್ಲಿ ತಿಂಡಿ ಮಾಡುವ ಅಕ್ಕ ಯಾರಿಗೆ ಮೇಲ್ ಹಾಕಬೇಕು? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮನೆಗೆ, ನಿಮ್ಮ ಆಫೀಸಿಗೆ ಬೆಳಕು ಹರಿಯುವ ಮುಂಚೆ ಬರುವ ಹೆಂಗಸು ಯಾವ ದಾರಿಯಲ್ಲಿ ಬರುತ್ತಾರೆ ಅಂತ ಒಮ್ಮೆ ಕೇಳಿ ನೋಡಿ. ಅರ್ಧ ಗಂಟೆ ತಡವಾಗಿ ಬಂದರೂ ನಡೆಯುತ್ತದೆ ಅನ್ನಿಸಿದರೆ ಹಾಗೇ ಹೇಳಿಬಿಡಿ.

ಏನಂತೀರಿ?