ಈರುಳ್ಳಿಯ ನಿದ್ರೆಯೂ ನಮ್ಮ ಅವಸರವೂ

ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಮೊಟ್ಟಮೊದಲು ಪರಿಚಯವಾಗುವ ವಸ್ತುಗಳಲ್ಲಿ ಈರುಳ್ಳಿಯೂ ಒಂದು. ಅದರ ತೆಳುಪೊರೆಯನ್ನು ಸುಲಿದು ಸೂಕ್ಷ್ಮದರ್ಶಕದ ಕೆಳಗಿಟ್ಟು ಜೀವಕೋಶಗಳನ್ನು ನೋಡುತ್ತಾರೆ. ಗೆಡ್ಡೆಯ ಬುಡ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲಿಟ್ಟು, ಕೆಲವೇ ದಿನಗಳಲ್ಲಿ ಹೊರಟ ಬೇರಿನ ತುದಿಯಲ್ಲಿ ಕೋಶವಿಭಜನೆಯನ್ನು ಕಾಣುತ್ತಾರೆ. ಅದೇ ವಿದ್ಯಾರ್ಥಿಗಳ ಮನೆಯ ಹಿತ್ತಿಲಲ್ಲಿ ಬೆಳೆದ ಈರುಳ್ಳಿಯು ಮಳೆಗಾಲದ ನಡುವೆ ಗೋಣಿಚೀಲದಲ್ಲಿಯೇ ಬೇರುಬಿಟ್ಟು, ಮೊಳೆತು, ಕೊಳೆತು ನಾರಿದಾಗ ಆ ಲೋಟದ ನೆನಪು ಯಾರಿಗೂ ಬರುವುದಿಲ್ಲ. ಎರಡೂ ಒಂದೇ ಪ್ರಯೋಗವೆಂಬುದನ್ನು ಅವರಿಗೆ ಹೇಳಿಕೊಟ್ಟವರಿಲ್ಲ.

ನಾಲ್ಕಾರು ಗುಂಟೆ ಜಾಗದಲ್ಲಿ ಈರುಳ್ಳಿ ಹಾಕುವ ಕುಟುಂಬಕ್ಕೆ ಇದು ಅಲ್ಪ ವಿಷಯವಲ್ಲ. ಸುಗ್ಗಿಯ ವೇಳೆಗೆ ಎಲ್ಲರ ಹೊಲದ ಬೆಳೆಯೂ ಏಕಕಾಲಕ್ಕೆ ಪೇಟೆಗೆ ಬಂದು ಧಾರಣೆ ಕುಸಿಯುತ್ತದೆ. ಇಟ್ಟರೆ ಕೆಡುವುದೆಂಬ ಭಯದಿಂದ ಬಂದ ಬೆಲೆಗೆ ಮಾರಿದ ಕುಟುಂಬವೇ, ಮೂರು ನಾಲ್ಕು ತಿಂಗಳ ಅನಂತರ ಅದೇ ಪದಾರ್ಥವನ್ನು ಹೆಚ್ಚು ಹಣ ತೆತ್ತು ಕೊಳ್ಳುವುದುಂಟು. ಶೀತಲಗೃಹಗಳ ಅಭಾವವೇ ಇದಕ್ಕೆಲ್ಲ ಕಾರಣವೆಂದು ಹೇಳುವುದು ರೂಢಿಯಾಗಿದೆ. ನಮ್ಮ ಅಭಿಪ್ರಾಯ ಬೇರೆ. ಈರುಳ್ಳಿಯ ಕೇಡು ಉಗ್ರಾಣದಲ್ಲಿ ಕಣ್ಣಿಗೆ ಬೀಳುವುದು ನಿಜ. ಆದರೆ ಅದರ ಬಹುಪಾಲು ನಿಶ್ಚಯವಾಗುವುದು ಕೀಳುವುದಕ್ಕೆ ಮುಂಚಿನ ಹತ್ತು ದಿನಗಳಲ್ಲಿ ಮತ್ತು ಕಿತ್ತ ಅನಂತರದ ಹದಿನೈದು ದಿನಗಳಲ್ಲಿ.

ನಾವು ಗೆಡ್ಡೆಯೆಂದು ಕರೆಯುವುದು ಬೇರಲ್ಲ. ಬುಡದಲ್ಲಿರುವ ಗಟ್ಟಿಯಾದ ಬಿಲ್ಲೆಯೇ ಕಾಂಡ. ಒಂದನ್ನೊಂದು ಸುತ್ತಿಕೊಂಡಿರುವ ರಸಭರಿತ ಪದರಗಳು ಎಲೆಗಳ ಬುಡಗಳು. ನಡುವೆ ಮುಂದಿನ ಚಿಗುರು ಅಡಗಿದೆ. ಬೆಳೆ ಬಲಿತಂತೆ ಎಲೆಗಳಲ್ಲಿನ ಆಹಾರವು ಕೆಳಗಿಳಿದು, ಕತ್ತಿನ ಭಾಗವು ಮೆತ್ತಗಾಗಿ, ಎಲೆಗಳು ತಾವಾಗಿಯೇ ಬಾಗಿ ನೆಲಕ್ಕೊರಗುತ್ತವೆ. ಗಿಡವು ನಿದ್ರೆಗೆ ಸಿದ್ಧವಾಗುತ್ತಿರುವ ಲಕ್ಷಣವಿದು. ನಿದ್ರೆಯಲ್ಲಿಯೂ ಅದು ಉಸಿರಾಡುತ್ತಿರುತ್ತದೆ, ತನ್ನೊಳಗಿನ ಸಕ್ಕರೆಯನ್ನು ಮೆಲ್ಲಮೆಲ್ಲನೆ ವ್ಯಯಿಸುತ್ತಿರುತ್ತದೆ. ತೇವವೂ ತಂಪೂ ಸೋಕಿದರೆ ಎಚ್ಚರಗೊಳ್ಳುತ್ತದೆ.

ತಾಕಿನ ಅರ್ಧಕ್ಕಿಂತ ಹೆಚ್ಚು ಗಿಡಗಳು ಬಾಗಿದಾಗ ಕೀಳುವುದು ಸರಿಯಾದ ಹದ. ಅದಕ್ಕೆ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಬೇಕು. ಗೆಡ್ಡೆ ಇನ್ನಷ್ಟು ತೂಗಲೆಂಬ ಆಸೆಯಿಂದ ಕೊನೆಯವರೆಗೂ ನೀರು ಹಾಯಿಸುವವರು, ಕೊನೆಗಾಲದಲ್ಲಿ ಯೂರಿಯಾ ಚೆಲ್ಲುವವರು ವಾಸ್ತವವಾಗಿ ನೀರನ್ನೇ ತೂಗಿ ಮಾರುತ್ತಾರೆ. ಅಂತಹ ಗೆಡ್ಡೆಯ ಕತ್ತು ದಪ್ಪನಾಗಿ ಉಳಿದು ಬೇಗ ಒಣಗದು. ಮನೆಗಿಟ್ಟುಕೊಳ್ಳುವವರಿಗೆ ಈ ತೂಕದಿಂದ ಲಾಭವಿಲ್ಲ.

ಕಿತ್ತ ಈರುಳ್ಳಿಯನ್ನು ಸಾಲಾಗಿ ಹರಡಿ, ಒಂದು ಸಾಲಿನ ಎಲೆಗಳು ಹಿಂದಿನ ಸಾಲಿನ ಗೆಡ್ಡೆಗಳನ್ನು ಮುಚ್ಚುವಂತೆ ಮೂರರಿಂದ ಐದು ದಿನ ಹೊಲದಲ್ಲಿಯೇ ಬಿಡಬೇಕು. ಬಿರುಬಿಸಿಲು ನೇರವಾಗಿ ತಗುಲಿದರೆ ಗೆಡ್ಡೆ ಬೇಯುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಮತ್ತೆ ಹತ್ತು ದಿನ ಆರಿಸಿ, ಎರಡು ಎರಡೂವರೆ ಸೆಂಟಿಮೀಟರು ಕತ್ತನ್ನು ಉಳಿಸಿ ಎಲೆ ಕತ್ತರಿಸಬೇಕು. ಕೊಳೆರೋಗದ ಶಿಲೀಂಧ್ರಕ್ಕೆ ಹಸಿ ಕತ್ತೇ ತೆರೆದ ಬಾಗಿಲು. ಅದು ಒಣಗಿ ಹುರಿಗಟ್ಟಿದರೆ ಬಾಗಿಲು ಮುಚ್ಚಿದಂತೆ.

ಹೊರಗಿನ ಒಣಸಿಪ್ಪೆಯನ್ನೂ ನಾವು ಕಸವೆಂದು ಭಾವಿಸಬಾರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್, ಜೆ. ಸಿ. ವಾಕರ್ ಮತ್ತು ಸಂಗಡಿಗರು ೧೯೨೯ರಲ್ಲಿ, ಬಣ್ಣದ ಈರುಳ್ಳಿಯ ಸಿಪ್ಪೆಯಲ್ಲಿ ಪ್ರೋಟೋಕ್ಯಾಟೆಚುಯಿಕ್ ಆಮ್ಲವಿರುವುದನ್ನು ತೋರಿಸಿದರು. ಸಿಪ್ಪೆಗೆ ಮಸಿ ಬಳಿದಂತಹ ಕಲೆಯನ್ನು ತರುವ ಒಂದು ಶಿಲೀಂಧ್ರವನ್ನು ಇದು ತಡೆಯುತ್ತದೆ. ಬಿಳಿಯ ಈರುಳ್ಳಿಗೆ ಈ ರಕ್ಷಣೆಯಿಲ್ಲ. (ಇದೇ ಲಿಂಕ್ ಅವರು ಮುಂದೆ ಕೆಟ್ಟ ಮೇವಿನಿಂದ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಬೇರ್ಪಡಿಸಿ ಖ್ಯಾತರಾದರು.) ಚೀಲಗಳನ್ನು ಎತ್ತಿ ಎಸೆದು ಸಿಪ್ಪೆ ಸುಲಿಸುವ ನಮ್ಮ ಪದ್ಧತಿಯು ಈ ಕವಚವನ್ನೇ ಹರಿದುಹಾಕುತ್ತದೆ.

ಇನ್ನು ಶೀತಲಗೃಹದ ಮಾತು. ಈರುಳ್ಳಿಯ ಸ್ವಭಾವ ಇಲ್ಲಿ ವಿಚಿತ್ರವಾಗಿದೆ. ಸೊನ್ನೆ ಡಿಗ್ರಿ ಸೆಂಟಿಗ್ರೇಡಿನ ಸಮೀಪದಲ್ಲಿ ಅದು ಚೆನ್ನಾಗಿ ನಿದ್ರಿಸುತ್ತದೆ. ೨೫ರಿಂದ ೩೦ ಡಿಗ್ರಿಯ ಸೆಕೆಯಲ್ಲಿಯೂ ನಿದ್ರಿಸುತ್ತದೆ. ನಡುವಿನ ೧೦ರಿಂದ ೨೦ ಡಿಗ್ರಿಯ ಹಿತವಾದ ತಂಪೇ ಅದನ್ನು ಎಬ್ಬಿಸುವುದು! ಶೀತಲಗೃಹದಿಂದ ಹೊರತೆಗೆದ ಗೆಡ್ಡೆಯ ಮೇಲೆ ಹೊರಗಿನ ಗಾಳಿಯ ನೀರು ಹನಿಗಟ್ಟಿ, ಬೇಗನೆ ಮೊಳಕೆ ಬರುತ್ತದೆ. ನಮ್ಮ ನಾಡಿನ ಬೆಚ್ಚನೆಯ ಹವೆಯು ಈರುಳ್ಳಿಗೆ ಶತ್ರುವಲ್ಲ. ಗಾಳಿಯ ತೇವವು ನೂರಕ್ಕೆ ೭೦ನ್ನು ಮೀರದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಮಹಾರಾಷ್ಟ್ರದ ಲಾಸಲಗಾಂವ್‌ನಲ್ಲಿ ೨೦೦೨ರಲ್ಲಿ ಸ್ಥಾಪಿತವಾದ ಘಟಕದಲ್ಲಿ ಗಾಮಾ ಕಿರಣಗಳಿಂದ ಮೊಳಕೆಯನ್ನು ತಡೆಯುವ ವ್ಯವಸ್ಥೆ ಮಾಡಲಾಯಿತು. ಶ್ಲಾಘ್ಯವಾದ ಸಾಧನೆಯೇ ಸರಿ. ಆದರೆ ಹಸಿ ಕತ್ತಿನಿಂದ ಇಳಿಯುವ ಕೊಳೆಯನ್ನು ಆ ಕಿರಣಗಳು ನಿಲ್ಲಿಸಲಾರವು.

ಕುಮಟಾ ಸಮೀಪದ ಹೆದ್ದಾರಿಯ ಬದಿಯಲ್ಲಿ ಬೇಸಿಗೆಯಲ್ಲಿ ಸಂಚರಿಸಿದವರು, ಒಣಗಿದ ಎಲೆಗಳಿಂದಲೇ ಗೊಂಚಲು ಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿಯನ್ನು ಕಂಡಿರಬಹುದು. ಪ್ರತಿಯೊಂದು ಗೆಡ್ಡೆಯ ಸುತ್ತಲೂ ಗಾಳಿಯಾಡುವ ಈ ವಿಧಾನವು ಮನೆಯ ಮಟ್ಟಿಗೆ ಬಹಳ ಉತ್ತಮವಾದದ್ದು. ತೂಗುಹಾಕಲು ಸ್ಥಳವಿಲ್ಲದವರು ನೆಲದಿಂದ ಎತ್ತರದಲ್ಲಿ ಬಿದಿರಿನ ತಟ್ಟಿ ಕಟ್ಟಿ ತೆಳುವಾಗಿ ಹರಡಬಹುದು. ದಪ್ಪ ಕತ್ತಿನವನ್ನೂ ಗಾಯವಾದವನ್ನೂ ಮೊದಲೇ ಆರಿಸಿ ಅಡುಗೆಗೆ ಬಳಸಬೇಕು.

ಗದಗ, ಧಾರವಾಡ, ಚಿತ್ರದುರ್ಗಗಳ ಕಡೆಯ ಮುಂಗಾರಿನ ಬೆಳೆಗೆ ಈ ಮಾತುಗಳು ಪೂರ್ತಿಯಾಗಿ ಸಲ್ಲವು. ಕೀಳುವಾಗಲೇ ಮಳೆ ಹಿಡಿದರೆ ಆರಿಸುವುದೆಲ್ಲಿ? ಆ ಬೆಳೆಯನ್ನು ಬೇಗ ಮಾರುವುದೇ ವಿವೇಕ. ಇಟ್ಟುಕೊಳ್ಳಲು ಬೇಸಿಗೆಯಲ್ಲಿ ಬರುವ ಬೆಳೆಯನ್ನೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನದಂತಹ ಬಾಳಿಕೆಯ ತಳಿಯನ್ನೂ ಆರಿಸಿಕೊಳ್ಳಬೇಕು.

ಸಸ್ಯಶಾಸ್ತ್ರದ ಪ್ರಯೋಗಪಾಠಗಳಲ್ಲಿ ಬೇರಿನ ತುದಿಯ ಜೊತೆಗೆ ಇದಕ್ಕೂ ಸ್ಥಾನ ದೊರೆಯಬೇಕೆಂಬುದು ನಮ್ಮ ಸೂಚನೆ. ಕತ್ತು ಉಳಿಸಿ ಆರಿಸಿದ ಇಪ್ಪತ್ತು ಗೆಡ್ಡೆ, ಕತ್ತನ್ನು ಬುಡಕ್ಕೆ ಕೊಯ್ದ ಇಪ್ಪತ್ತು ಗೆಡ್ಡೆ, ಒಂದು ತಕ್ಕಡಿ, ಒಂದು ನೋಟುಪುಸ್ತಕ: ಇಷ್ಟು ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಲಿ. ಕೆಟ್ಟದ್ದನ್ನು ಎಸೆಯುವ ಮುನ್ನ ಉದ್ದಕ್ಕೆ ಸೀಳಿ ನೋಡಲಿ. ಕೊಳೆ ಕತ್ತಿನಿಂದ ಕೆಳಗಿಳಿದಿದ್ದರೆ ತಪ್ಪು ಆರಿಸಿದ್ದರಲ್ಲಿದೆಯೆಂದು ಶಂಕಿಸಬೇಕು. ಬುಡದ ಬಿಲ್ಲೆಯಿಂದ ಮೇಲೇರಿದ್ದರೆ ರೋಗವು ಮಣ್ಣಿನಿಂದ ಬಂದಿರಬಹುದು, ಆ ಮಡಿಯಲ್ಲಿ ಕೆಲವು ವರ್ಷ ಈರುಳ್ಳಿ ಹಾಕದೆ ರಾಗಿಯನ್ನೋ ಜೋಳವನ್ನೋ ಬೆಳೆಯುವುದು ಒಳ್ಳೆಯದು.